ಚರ್ಮದ ಚಪ್ಪಲಿ ಮಣ್ಣಾಗುತ್ತದೆಯೇ?

1786ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಇಟಲಿಯ ಜಿನೋವಾಕ್ಕೆ ಹೊರಟಿದ್ದ ಮೆಟ್ಟಾ ಕ್ಯಾಥರಿನಾ ಎಂಬ ಹಡಗು ಇಂಗ್ಲೆಂಡಿನ ಪ್ಲಿಮತ್ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 1973ರಲ್ಲಿ ಅದು ಮತ್ತೆ ಸಿಕ್ಕಾಗ, ಕೆಸರಿನೊಳಗೆ ಹದ ಮಾಡಿದ ಹಿಮಸಾರಂಗದ ತೊಗಲಿನ ಕಟ್ಟುಗಳಿದ್ದವು. ತೊಳೆದು ಒಣಗಿಸಿದರೆ ತೊಗಲು ಗಟ್ಟಿಮುಟ್ಟಾಗಿತ್ತು! ಅದರಿಂದ ಹೊಸ ಶೂ, ಬ್ಯಾಗು ಹೊಲಿದರು.

“ಚರ್ಮ ನೈಸರ್ಗಿಕ, ಎಸೆದರೆ ತಾನಾಗೇ ಮಣ್ಣಾಗುತ್ತದೆ” ಅನ್ನುವವರಿಗೆ ನಾನು ಈ ಹಡಗಿನ ಕಥೆ ಹೇಳುತ್ತೇನೆ. ಹಸಿ ಚರ್ಮ ಬೇಗ ಕೊಳೆಯುತ್ತದೆ, ನಿಜ. ಆದರೆ ಹದ ಮಾಡುವುದೇ ಅದು ಕೊಳೆಯದಿರಲಿ ಅಂತ ಅಲ್ವಾ?

ಚರ್ಮದಲ್ಲಿರುವ ಮುಖ್ಯ ಪ್ರೋಟೀನು ಕೊಲಾಜನ್. ಮೂರೆಳೆ ಜಡೆಯ ಹಾಗೆ ಹೆಣೆದುಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳು ಕಿಣ್ವ ಬಿಟ್ಟು ಈ ಎಳೆಗಳನ್ನು ತುಂಡರಿಸಿ ತಿನ್ನುತ್ತವೆ. ಹದ ಮಾಡುವಾಗ ಕ್ರೋಮಿಯಂ ಎಂಬ ಲೋಹದ ಲವಣ ಒಳಗಿಳಿದರೆ ಅದು ಈ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಮೇಲೆ ಕಿಣ್ವದ ಆಟ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಈ ಬಿಗಿತ ಕಣ್ಣಿಗೇ ಕಾಣುತ್ತದೆ. ಹಸಿ ಚರ್ಮವನ್ನು ನೀರಲ್ಲಿ ಕಾಯಿಸಿದರೆ ಸುಮಾರು 65 ಡಿಗ್ರಿಗೇ ಮುದುಡುತ್ತದೆ. ಚೆನ್ನಾಗಿ ಹದವಾದ ಕ್ರೋಮ್ ಚರ್ಮ ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅಮೆರಿಕದ ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಈಗ ಜಗತ್ತಿನ ಬಹುಪಾಲು ಚರ್ಮ ಹದವಾಗುವುದು ಕ್ರೋಮಿಯಂನಲ್ಲೇ.

ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಹಳೇ ಪದ್ಧತಿ ಬೇರೆ. ತೊಗಲನ್ನೇ ಚೀಲವಾಗಿ ಹೊಲಿದು, ತೂಗುಹಾಕಿ, ಜಾಲಿ ತೊಗಟೆ ಮತ್ತು ಅಳಲೆಕಾಯಿ ನೆನೆಸಿದ ನೀರು ತುಂಬುತ್ತಾರೆ. ನೀರು ತೊಗಲಿನ ಮೂಲಕ ಜಿನುಗುತ್ತಾ ಹೋದಂತೆ ತೊಗಟೆ, ಕಾಯಿಗಳ ಒಗರು ಅಂಶವಾದ ಟ್ಯಾನಿನ್ ಒಳಗೆ ಹಿಡಿದುಕೊಳ್ಳುತ್ತದೆ. ಈ ಹಿಡಿತ ಕ್ರೋಮಿಯಂನಷ್ಟು ಬಿಗಿಯಲ್ಲ. ಗಾಳಿ, ತೇವ ಎರಡೂ ಇರುವ ಮಣ್ಣಿನಲ್ಲಿ ನಿಧಾನವಾಗಿ ಸಡಿಲವಾಗುತ್ತದೆ.

ಹಾಗಂತ ತೊಗಟೆಯಲ್ಲಿ ಹದವಾದ ಚರ್ಮ ಎಲ್ಲಿ ಬಿದ್ದರೂ ಕರಗುತ್ತದೆ ಅಂದುಕೊಳ್ಳಬೇಡಿ. ಪ್ಲಿಮತ್‌ನ ಆ ತೊಗಲೂ ಮರದ ತೊಗಟೆಯಲ್ಲೇ ಹದವಾಗಿತ್ತು! ಗಾಳಿಯಾಡದ ಕೆಸರು ಅದನ್ನು ಕಾಪಾಡಿತು. ನಮ್ಮ ಊರಾಚೆಯ ಕಸದ ಗುಡ್ಡಗಳ ಒಳಗೂ ಗಾಳಿಯಾಡುವುದು ಕಷ್ಟ.

ಇನ್ನು ಅಂಗಡಿಯ ಶೂ ಅಂದರೆ ಬರೀ ಚರ್ಮವಲ್ಲ. ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ, ಕೆಳಗೆ ರಬ್ಬರ್ ಅಟ್ಟೆ, ನಡುವೆ ಅಂಟು. ಇವನ್ನು ಬಿಡಿಸುವುದೇ ದೊಡ್ಡ ಕೆಲಸ. ಅದಕ್ಕೇ ನನಗೆ ಹೊಲಿದ ಚಪ್ಪಲಿಯ ಮೇಲೆ ಪ್ರೀತಿ ಜಾಸ್ತಿ. ಅಟ್ಟೆ ಸವೆದರೆ ಹೊಲಿಗೆ ಬಿಚ್ಚಿ ಹೊಸದು ಹಾಕಿಸಬಹುದು. ಹಳೇ ಶೂಗೆ ಮಾತ್ರ ದಯವಿಟ್ಟು ಬೆಂಕಿ ಇಡಬೇಡಿ. ಕ್ರೋಮ್ ಚರ್ಮದಲ್ಲಿರುವ ಕ್ರೋಮಿಯಂ (ಮೂರು ವೇಲೆನ್ಸಿಯದು) ಸುಡುವಾಗ ಅದರ ಇನ್ನೊಂದು ರೂಪಕ್ಕೆ, ಅಂದರೆ ಆರು ವೇಲೆನ್ಸಿಯದಕ್ಕೆ, ಬದಲಾಗಬಹುದು. ಅದು ಕ್ಯಾನ್ಸರ್ ತರುವ ವಿಷ, ಬೂದಿಯಲ್ಲೇ ಉಳಿದು ಮಳೆ ನೀರಿನ ಜೊತೆ ನೆಲಕ್ಕಿಳಿಯುತ್ತದೆ.