ಮೇಲ್ ಬಂದ ತಕ್ಷಣ ಗೊತ್ತಾಗಬೇಕಾ? ಆ್ಯಪ್ ಆರಿಸುವ ಮೊದಲು ಇದನ್ನು ಕೇಳಿ

ಕಚೇರಿಗಳ ಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು ಇದು: "ಫೋನಿಗೆ ಮೇಲ್ ಲೇಟಾಗಿ ಬರುತ್ತೆ. ಫ್ರೀ ಆಗಿರೋ ಒಳ್ಳೆ ಆ್ಯಪ್ ಯಾವುದಿದೆ ಹೇಳಿ." ನಾನು ಆ್ಯಪ್ ಹೆಸರು ಹೇಳುವುದಿಲ್ಲ. ನಿಮ್ಮ ಮೇಲ್ ಅಕೌಂಟ್ ಯಾವುದು ಎಂದು ಕೇಳುತ್ತೇನೆ. ಜಿಮೇಲಾ, ಔಟ್‌ಲುಕ್ಕಾ, ಐಕ್ಲೌಡಾ, ಇಲ್ಲಾ ಕಂಪನಿಯದ್ದೇ ಸರ್ವರಾ? ಅದು ಗೊತ್ತಾಗದೆ ಆ್ಯಪ್ ಬದಲಿಸುತ್ತಾ ಹೋದರೆ ತಡ ಹಾಗೇ ಉಳಿಯುತ್ತದೆ.

ಕಾರಣ ಸರಳ. ಮೇಲ್ ಬಂದ ಕ್ಷಣವೇ ಫೋನ್ ಸದ್ದು ಮಾಡಬೇಕಾದರೆ ಯಾರಾದರೂ ನಿಮ್ಮ ಇನ್‌ಬಾಕ್ಸ್ ಕಡೆ ಸದಾ ಕಣ್ಣಿಟ್ಟಿರಬೇಕು. ಯಾರೂ ಇಲ್ಲದಿದ್ದರೆ ಆ್ಯಪ್ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಹೋಗಿ ನೋಡಿಕೊಂಡು ಬರುತ್ತದೆ. ಅದು ಪುಶ್ (ಬಂದ ಕ್ಷಣವೇ ಸುದ್ದಿ ತಲುಪುವುದು) ಅಲ್ಲ, ಫೆಚ್ (ಆಗಾಗ ಹೋಗಿ ತರುವುದು). ಹಾಗಾಗಿ ಆ್ಯಪ್ ಆರಿಸುವುದು ಎಂದರೆ ನಿಜವಾಗಿ ಈ ಕಾವಲು ಯಾರ ಕೈಯಲ್ಲಿರಬೇಕು ಎಂದು ನಿರ್ಧರಿಸುವುದು.

ಎಲ್ಲಕ್ಕಿಂತ ಸಲೀಸಾದ ದಾರಿ, ಮೇಲ್ ಕೊಟ್ಟ ಕಂಪನಿಯದ್ದೇ ಆ್ಯಪ್ ಬಳಸುವುದು. ಮೇಲ್ ಬಂದದ್ದು ಅವರ ಸರ್ವರಿಗೆ ಮೊದಲು ಗೊತ್ತಾಗುತ್ತದೆ. ಅದು ಗೂಗಲ್ ಅಥವಾ ಆ್ಯಪಲ್‌ನ ನೋಟಿಫಿಕೇಶನ್ ಜಾಲದ ಮೂಲಕ ಫೋನಿಗೆ ಸುದ್ದಿ ಕಳಿಸುತ್ತದೆ. ಆ್ಯಪಲ್ ಈ ಜಾಲವನ್ನು 2009ರಲ್ಲಿ ತಂದಿತು, ಗೂಗಲ್ 2010ರಲ್ಲಿ. ಇಡೀ ಫೋನಿಗೆ ಒಂದೇ ಸಂಪರ್ಕ ತೆರೆದಿರುತ್ತದೆ, ಉಳಿದ ಆ್ಯಪ್‌ಗಳೆಲ್ಲ ಮಲಗಿರಬಹುದು. ಬ್ಯಾಟರಿ ಉಳಿಯುತ್ತದೆ. ನಿಮ್ಮದು ಒಂದೇ ಜಿಮೇಲ್ ಅಕೌಂಟ್ ಆಗಿದ್ದರೆ ಸುಮ್ನೆ ಹುಡುಕಬೇಡಿ, ಜಿಮೇಲ್ ಆ್ಯಪ್ ಸಾಕು.

ತೊಂದರೆ ಶುರುವಾಗುವುದು ಒಬ್ಬರ ಆ್ಯಪ್‌ನಲ್ಲಿ ಇನ್ನೊಬ್ಬರ ಅಕೌಂಟ್ ಹಾಕಿದಾಗ. ಆಂಡ್ರಾಯ್ಡ್‌ನ ಜಿಮೇಲ್ ಆ್ಯಪ್‌ಗೆ ಕಂಪನಿಯ ಐಮ್ಯಾಪ್ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ವಿಧಾನ) ಅಕೌಂಟ್ ಸೇರಿಸಬಹುದು, ಆದರೆ ಅದು ಗೊತ್ತುಮಾಡಿದ ಅವಧಿಗೊಮ್ಮೆ ಮಾತ್ರ ನೋಡುತ್ತದೆ. ಐಫೋನ್ ಜೊತೆಗೇ ಬರುವ ಮೇಲ್ ಆ್ಯಪ್‌ನಲ್ಲಿ ಐಕ್ಲೌಡ್‌ಗೂ ಮೈಕ್ರೋಸಾಫ್ಟ್‌ನ ಕಚೇರಿ ಮೇಲ್ ವ್ಯವಸ್ಥೆಯಾದ ಎಕ್ಸ್‌ಚೇಂಜ್‌ಗೂ ಪುಶ್ ಇದೆ, ಜಿಮೇಲ್‌ಗೆ ಇಲ್ಲ. ಮೊದಲು ಎಕ್ಸ್‌ಚೇಂಜ್ ವಿಧಾನದಲ್ಲಿ ಜಿಮೇಲ್ ಹಾಕಿಕೊಳ್ಳಬಹುದಿತ್ತು. 2013ರ ಜನವರಿ ಕೊನೆಯಲ್ಲಿ ಉಚಿತ ಅಕೌಂಟ್‌ಗಳಿಗೆ ಗೂಗಲ್ ಆ ಬಾಗಿಲು ಮುಚ್ಚಿತು. "ನನ್ನ ಫೋನ್ ಕೆಟ್ಟಿದೆ" ಎಂದು ಬರುವ ಎಷ್ಟೋ ಜನರ ಫೋನ್ ಸರಿಯಾಗಿಯೇ ಇರುತ್ತದೆ. ಜೋಡಿ ತಪ್ಪಾಗಿರುತ್ತದೆ, ಅಷ್ಟೇ. ಇನ್ನು ಅಕೌಂಟನ್ನು ಪಾಪ್ ಎಂಬ, ಮೇಲನ್ನು ಫೋನಿಗೆ ಇಳಿಸಿಕೊಳ್ಳುವ ಹಳೆಯ ವಿಧಾನದಲ್ಲಿ ಹಾಕಿಕೊಂಡಿದ್ದರೆ ಪುಶ್ ಮಾತೇ ಇಲ್ಲ.

ಕಂಪನಿಯ ಸ್ವಂತ ಐಮ್ಯಾಪ್ ಸರ್ವರ್ ಇದ್ದವರಿಗೆ ಇನ್ನೊಂದು ದಾರಿ ಇದೆ: ಫೋನೇ ಕಾವಲು ಕಾಯುವುದು. ಐಮ್ಯಾಪ್‌ಗೆ 1997ರಲ್ಲೇ ಐಡಲ್ ಎಂಬ ಸೌಲಭ್ಯ ಸೇರಿತು. ಆ್ಯಪ್ ಸರ್ವರ್ ಜೊತೆ ಸಂಪರ್ಕ ತೆರೆದಿಟ್ಟುಕೊಳ್ಳುತ್ತದೆ, ಹೊಸ ಮೇಲ್ ಬಂದರೆ ಸರ್ವರ್ ಅದೇ ಸಂಪರ್ಕದಲ್ಲಿ ಹೇಳುತ್ತದೆ. ಸುಮ್ಮನಿರುವ ಸಂಪರ್ಕವನ್ನು ಸರ್ವರ್ ಕಡಿದುಹಾಕಬಹುದು, ಅದಕ್ಕೇ 29 ನಿಮಿಷಕ್ಕೊಮ್ಮೆಯಾದರೂ ನವೀಕರಿಸಿ ಎಂದು ಐಡಲ್‌ನ ನಿಯಮದಲ್ಲೇ ಸೂಚನೆ ಇದೆ. ಮೊಬೈಲ್ ನೆಟ್‌ವರ್ಕ್‌ಗಳು ಅದಕ್ಕೂ ಮುಂಚೆ ಕಡಿದುಹಾಕುವುದುಂಟು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಥಂಡರ್‌ಬರ್ಡ್ ಮತ್ತು ಫೇರ್‌ಇಮೇಲ್ ಎರಡನ್ನೂ ನಾನು ಧೈರ್ಯವಾಗಿ ಹೇಳುತ್ತೇನೆ. ಎರಡೂ ಓಪನ್ ಸೋರ್ಸ್, ಅಂದರೆ ಕೋಡ್ ಯಾರು ಬೇಕಾದರೂ ನೋಡಬಹುದು. ಹಳೆಯ ಕೆ-9 ಮೇಲ್ ಎಂಬ ಆ್ಯಪ್ 2022ರಲ್ಲಿ ಥಂಡರ್‌ಬರ್ಡ್ ತಂಡ ಸೇರಿತು, ಅದರ ಮೇಲೆ ಕಟ್ಟಿದ ಆ್ಯಪ್ 2024ರಲ್ಲಿ ಥಂಡರ್‌ಬರ್ಡ್ ಹೆಸರಿನಲ್ಲೇ ಬಂತು.

ಇಲ್ಲಿ ಆ್ಯಪ್ ಹಾಕಿದರಷ್ಟೇ ಕೆಲಸ ಮುಗಿಯುವುದಿಲ್ಲ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಚಾರ್ಜರ್‌ಗೆ ಹಾಕದ ಫೋನ್ ಸ್ಕ್ರೀನ್ ಆಫ್ ಆಗಿ ಅಲುಗಾಡದೆ ಬಿದ್ದಿದ್ದರೆ ಅದು ಆ್ಯಪ್‌ಗಳ ಇಂಟರ್ನೆಟ್ ತಡೆಯುತ್ತದೆ. ಕೆಲವು ತಯಾರಕರು ಇದರ ಮೇಲೆ ತಮ್ಮದೇ ಬ್ಯಾಟರಿ ಕಡಿವಾಣ ಬೇರೆ ಹಾಕಿರುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಈ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಲೇಬೇಕು. ಸದಾ ಕಾಣುವ ಒಂದು ನೋಟಿಫಿಕೇಶನ್ ಕೂಡ ಇರುತ್ತದೆ. ಅದು ಆ್ಯಪ್ ಎಚ್ಚರವಾಗಿದೆ ಎಂಬುದರ ಗುರುತು. ಕಿರಿಕಿರಿ ಎಂದು ಆ್ಯಪನ್ನೇ ಹಿನ್ನೆಲೆಯಿಂದ ಮುಚ್ಚಿಬಿಟ್ಟರೆ ಕಾವಲೂ ಮುಗಿಯಿತು. ಐಫೋನ್‌ನಲ್ಲಿ ಹೀಗೆ ಹಿನ್ನೆಲೆಯಲ್ಲಿ ಸಂಪರ್ಕ ತೆರೆದಿಡಲು ಆ್ಯಪ್‌ಗಳಿಗೆ ಅವಕಾಶವೇ ಇಲ್ಲ, ಹಾಗಾಗಿ ಅಲ್ಲಿ ಈ ದಾರಿ ಇಲ್ಲ.

ಆಗ ಉಳಿಯುವುದು ಮಧ್ಯವರ್ತಿ. ಸ್ಪಾರ್ಕ್, ಮೊಬೈಲ್ ಔಟ್‌ಲುಕ್ ಮುಂತಾದ ಆ್ಯಪ್‌ಗಳಲ್ಲಿ ಆ ಕಂಪನಿಯ ಸರ್ವರೇ ನಿಮ್ಮ ಪರವಾಗಿ ಮೇಲ್‌ಬಾಕ್ಸ್ ನೋಡುತ್ತಿರುತ್ತದೆ. ಹೆಚ್ಚಿನ ಅಕೌಂಟ್‌ಗಳಿಗೂ ಪುಶ್ ಸಿಗುತ್ತದೆ, ಬೇಗ ಸಿಗುತ್ತದೆ. ನಿಮ್ಮ ಕಚೇರಿ ಮೇಲ್ ಮೈಕ್ರೋಸಾಫ್ಟ್‌ನಲ್ಲೇ ಇದ್ದರೆ ಔಟ್‌ಲುಕ್ ಸಹಜ ಆಯ್ಕೆ, ಅಲ್ಲಿ ಮೂರನೆಯವರೇ ಇಲ್ಲ. ಬೇರೆ ಸಂದರ್ಭದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಿ. ನಿಮ್ಮ ಮೇಲ್‌ಬಾಕ್ಸ್ ತೆರೆಯುವ ಕೀಲಿ ಇನ್ನೊಬ್ಬರ ಸರ್ವರ್‌ನಲ್ಲಿ ಇರುತ್ತದೆ. ಬೇರೆಲ್ಲ ಅಕೌಂಟ್‌ಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದೂ ಅದೇ ಮೇಲ್‌ಬಾಕ್ಸ್‌ಗೆ, ಅಲ್ವಾ?

ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಬೇಡದ ಮೇಲ್ ನಿಲ್ಲಿಸಿಕೊಡುವ ಅನ್‌ರೋಲ್‌ಮಿ ಎಂಬ ಉಚಿತ ಸೇವೆ ಬಳಕೆದಾರರ ಇನ್‌ಬಾಕ್ಸ್‌ನ ಖರೀದಿ ರಸೀದಿಗಳಿಂದ ಮಾಹಿತಿ ತೆಗೆದು ಮಾರುತ್ತಿದ್ದುದು 2017ರಲ್ಲಿ ದೊಡ್ಡ ಸುದ್ದಿಯಾಯಿತು. 2019ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಕ್ರಮ ಕೈಗೊಂಡಿತು. ಎಲ್ಲ ಉಚಿತ ಆ್ಯಪ್‌ಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆದರೆ ಸರ್ವರ್ ನಡೆಸಲು ದುಡ್ಡು ಬೇಕು, ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಪ್ರೈವಸಿ ಪಾಲಿಸಿಯಲ್ಲಿ ಸ್ಪಷ್ಟವಾಗಿರಬೇಕು. ಪೇಯ್ಡ್ ಆವೃತ್ತಿಯೂ ಇರುವ ಆ್ಯಪ್ ಆದರೆ ನನಗೆ ಸ್ವಲ್ಪ ಸಮಾಧಾನ. ಲಾಗಿನ್ ಮಾಡುವಾಗ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಪುಟವೇ ತೆರೆದು ಅನುಮತಿ ಕೇಳಿದರೆ ಒಳ್ಳೆಯದು, ಪಾಸ್‌ವರ್ಡ್ ಆ್ಯಪ್ ಕೈಗೆ ಹೋಗುವುದಿಲ್ಲ. ಕಚೇರಿಯ ಮೇಲ್ ಆಗಿದ್ದರೆ ಮೊದಲು ಐಟಿ ವಿಭಾಗವನ್ನು ಕೇಳಿ.

ಎಲ್ಲ ಸರಿಯಿದ್ದೂ ಸದ್ದು ಬರದಿದ್ದರೆ ಫೋಲ್ಡರ್ ನೋಡಿ. ಸರ್ವರ್‌ನ ಫಿಲ್ಟರ್ ಮೇಲನ್ನು ಬೇರೆ ಫೋಲ್ಡರ್‌ಗೆ ಹಾಕುತ್ತಿದ್ದರೆ ಆ ಫೋಲ್ಡರ್‌ಗೂ ಪುಶ್ ಆನ್ ಮಾಡಬೇಕು. ಜಿಮೇಲ್‌ನಲ್ಲಿ ಪ್ರೊಮೋಷನ್ಸ್ (ಜಾಹೀರಾತು ಮೇಲ್‌ಗಳ ವಿಭಾಗ) ಕಡೆ ಹೋದ ಮೇಲ್‌ಗೆ ಸಾಮಾನ್ಯವಾಗಿ ಸದ್ದು ಬರುವುದಿಲ್ಲ. ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್‌ಗಳು ನೋಟಿಫಿಕೇಶನ್‌ಗೆ ಅನುಮತಿ ಕೇಳುತ್ತವೆ. ಅವಸರದಲ್ಲಿ ಬೇಡ ಎಂದು ಒತ್ತಿದವರು ತುಂಬಾ ಜನ.

ಪರೀಕ್ಷೆ ಹೀಗೆ ಮಾಡಿ. ವೈಫೈ ಆಫ್ ಮಾಡಿ, ಫೋನನ್ನು ಚಾರ್ಜರ್‌ಗೆ ಹಾಕದೆ ಒಂದೆರಡು ಗಂಟೆ ಮುಟ್ಟದೆ ಇಡಿ. ಆಮೇಲೆ ಬೇರೆ ಅಕೌಂಟ್‌ನಿಂದ ಮೇಲ್ ಕಳಿಸಿ ಸಮಯ ನೋಡಿ. ಫೋನ್ ಕೈಯಲ್ಲಿ ಹಿಡಿದು ಸ್ಕ್ರೀನ್ ನೋಡುತ್ತಾ ಮಾಡಿದ ಪರೀಕ್ಷೆಯಲ್ಲಿ ಎಲ್ಲ ಆ್ಯಪ್‌ಗಳೂ ಪಾಸಾಗುತ್ತವೆ. ಬೇಡವಾದ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಅದರ ಸರ್ವರ್‌ಗೆ ಕೊಟ್ಟ ಅನುಮತಿ ತಾನಾಗಿ ಹೋಗುವುದಿಲ್ಲ. ಅಕೌಂಟ್‌ನ ಸೆಕ್ಯುರಿಟಿ ಪುಟದಲ್ಲಿ ಅದನ್ನು ನೀವೇ ತೆಗೆಯಬೇಕು. ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನೂ ಬದಲಿಸಿ.