ಹಮ್ಮಿಂಗ್‌ಬರ್ಡಿಗೆ ಬೆಲ್ಲದ ಪಾನಕ ಇಡಬಹುದೇ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದಿದ್ದೇನೆ. ಇವರ ಹಿತ್ತಲಿಗೆ ಹೆಬ್ಬೆರಳಿನಷ್ಟೇ ಇರುವ ಹಕ್ಕಿಯೊಂದು ಬಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತುಬಿಡುತ್ತದೆ. ಅಳಿಯಂದಿರು ಅದಕ್ಕೆಂದು ಫೀಡರ್ (ಸಿಹಿ ನೀರು ತುಂಬಿಸಿ ನೇತುಹಾಕುವ ಪಾತ್ರೆ) ತಂದಿದ್ದಾರೆ, ಜೊತೆಗೆ ಅದರಲ್ಲಿ ತುಂಬಿಸಲು ಒಂದು ಕೆಂಪು ನೀರಿನ ಬಾಟಲಿ. ಅದರ ಬದಲು ಮನೆಯಲ್ಲೇ ಏನಾದರೂ ಮಾಡಿ ಇಡಬಹುದೇ? ಊರಿಂದ ತಂದ ಒಳ್ಳೆಯ ಬೆಲ್ಲವಿದೆ, ಜೇನುತುಪ್ಪವೂ ಇದೆ.

ಉತ್ತರ: ಧಾರಾಳವಾಗಿ ಮನೆಯಲ್ಲೇ ಮಾಡಿ. ಆದರೆ ಬೆಲ್ಲ, ಜೇನುತುಪ್ಪ ನಿಮಗೇ ಇರಲಿ. ಹಕ್ಕಿಗೆ ಬೇಕಾದದ್ದು ಬಿಳಿ ಸಕ್ಕರೆ ಮತ್ತು ನೀರು, ಅಷ್ಟೇ.

ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು. ಲೋಟ ಯಾವುದಾದರೂ ಆಗಲಿ, ಎರಡನ್ನೂ ಅದರಲ್ಲೇ ಅಳೆಯಿರಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಸಕ್ಕರೆ ಹಾಕಿ ಕರಗಿಸಿ, ಪೂರ್ತಿ ತಣಿದ ಮೇಲೆ ತುಂಬಿಸಿ. ಪಾಕ ಬರಿಸಲು ಹೋಗಬೇಡಿ, ಕೈ ಅಭ್ಯಾಸದಲ್ಲಿ ಏಲಕ್ಕಿ ಪುಡಿ ಉದುರಿಸಲೂಬೇಡಿ! ಉಳಿದದ್ದು ಫ್ರಿಜ್‌ನಲ್ಲಿ ಒಂದೆರಡು ವಾರ ಇರುತ್ತದೆ. ಈ ಹಕ್ಕಿಗಳು ಹುಡುಕಿಕೊಂಡು ಹೋಗುವ ಹೂಗಳ ಮಕರಂದದಲ್ಲಿ ಹೆಚ್ಚಾಗಿರುವುದು ಸುಕ್ರೋಸ್. ನಮ್ಮ ಡಬ್ಬದ ಸಕ್ಕರೆಯೂ ಅದೇ. ನಾಲ್ಕಕ್ಕೊಂದು ಅಳತೆಯಲ್ಲಿ ಮಾಡಿದರೆ ಸಿಹಿಯೂ ಹೆಚ್ಚುಕಡಿಮೆ ಹೂವಿನ ಹದಕ್ಕೇ ಬರುತ್ತದೆ.

ಬಿಳಿ ಸಕ್ಕರೆ ವಿಷ, ಬೆಲ್ಲ ಅಮೃತ ಎಂದು ವಾಟ್ಸಾಪ್‌ನಲ್ಲಿ ಓದಿದವರಿಗೆ ಇದು ತಲೆಕೆಳಗಾದ ಮಾತೆನಿಸಬಹುದು. ಬಾಣಂತಿಗೆ ಬೆಲ್ಲ ಕೊಡುವಾಗ ಕಬ್ಬಿಣದ ಅಂಶ ಇದೆ ಅನ್ನುತ್ತೇವಲ್ಲ, ಹಕ್ಕಿಗೆ ತೊಂದರೆ ಅದೇ. ಮಕರಂದದಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಕುಡಿದು ಬದುಕುವ ಜೀವಕ್ಕೆ ಕಬ್ಬಿಣ ಹೆಚ್ಚಾದರೆ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಅಲ್ಲಿನ ಅಂಗಡಿಯ ಕಂದು ಸಕ್ಕರೆ, ಆರ್ಗ್ಯಾನಿಕ್ ಹೆಸರಿನ ಮಸುಕು ಬಣ್ಣದ ಸಕ್ಕರೆಯೂ ಇದೇ ಕಾರಣಕ್ಕೆ ಬೇಡ. ಜೇನುತುಪ್ಪ ಗಟ್ಟಿಯಾಗಿದ್ದಾಗ ಕೆಡುವುದಿಲ್ಲ ನಿಜ, ನೀರು ಬೆರೆತರೆ ಬೇಗ ಹುಳಿ ಬರುತ್ತದೆ, ಬೂಷ್ಟೂ ಹಿಡಿಯುತ್ತದೆ. ಇನ್ನು ಮನೆಯಲ್ಲಿ ಯಾರಿಗೋ ತಂದಿಟ್ಟ ಶುಗರ್-ಫ್ರೀ ಮಾತ್ರೆ ಹಾಕಿದರೆ ನಾಲಿಗೆಗೆ ಸಿಹಿ, ಹೊಟ್ಟೆಗೆ ಶೂನ್ಯ. ಹಾರುವಾಗ ಎದೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಡಿಯುವ ಹಕ್ಕಿಗೆ ಅದು ಉಪವಾಸವೇ.

ಕೆಂಪು ಬಣ್ಣವೂ ಬೇಕಿಲ್ಲ. ಫೀಡರಿನ ಕೆಂಪು ಪ್ಲಾಸ್ಟಿಕ್ ಹೂವೇ ಕಣ್ಣಿಗೆ ಬೀಳಲು ಸಾಕು.

ಆದರೆ ಅಳತೆಗಿಂತ ದೊಡ್ಡ ವಿಷಯ ತೊಳೆಯುವುದು. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಆ ಕಡೆ ತಮ್ಮನ ಮನೆಯಲ್ಲಿದ್ದಾಗ ಒಂದು ಜುಲೈ ತಿಂಗಳಲ್ಲಿ ಫೀಡರ್ ತುಂಬಿಸಿ ನೇತುಹಾಕಿ ಐದು ದಿನ ಊರು ಸುತ್ತಲು ಹೋಗಿದ್ದೆವು. ಬಂದು ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿದೆ, ಮುಚ್ಚಳ ತಿರುಗಿಸಿದರೆ ಹೆಂಡದ ವಾಸನೆ, ಹಕ್ಕಿ ಕೊಕ್ಕು ತೂರಿಸುವ ತೂತಿನ ಸುತ್ತ ಕರಿ ಚುಕ್ಕೆಗಳು. ಹಾಗಾಗಿ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಚಳಿಯಲ್ಲಿ ವಾರಕ್ಕೊಮ್ಮೆಯಾದರೂ ಹಳೆಯದನ್ನು ಚೆಲ್ಲಿ ಬಿಸಿನೀರಿನಲ್ಲಿ ತೊಳೆಯಿರಿ. ಮೇಲಿಂದ ತುಂಬಿಸುತ್ತಾ ಹೋಗುವುದು ಬೇಡ. ತೂತುಗಳಿಗೆ ಸಣ್ಣ ಬ್ರಷ್ ಇರಲಿ. ಬೂಷ್ಟು ಕಂಡರೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟು ಉಜ್ಜಿ, ಚೆನ್ನಾಗಿ ಜಾಲಿಸಿ. ಫೀಡರನ್ನು ಪೂರ್ತಿ ತುಂಬಿಸುವುದೂ ದಂಡ, ಕಾಲು ಭಾಗ ಸಾಕು.

ಇರುವೆ ಬಂದೇ ಬರುತ್ತದೆ. ನಮ್ಮಲ್ಲಿ ತಿಂಡಿ ಡಬ್ಬವನ್ನು ನೀರಿನ ತಟ್ಟೆಯಲ್ಲಿಡುತ್ತಿದ್ದರಲ್ಲ, ಆ ಉಪಾಯವೇ ಇಲ್ಲೂ. ಫೀಡರಿನ ಮೇಲೆ ಸಿಕ್ಕಿಸುವ ನೀರಿನ ಬಟ್ಟಲು ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ತಂತಿಗೆ ಎಣ್ಣೆ ಸವರಬೇಡಿ, ಹಕ್ಕಿಯ ಗರಿಗೆ ಮೆತ್ತಿಕೊಂಡರೆ ಹೋಗುವುದಿಲ್ಲ.

ನೀವು ನೋಡಿದ್ದು ಬಹುಶಃ ಅನ್ನಾಸ್ ಹಮ್ಮಿಂಗ್‌ಬರ್ಡ್. ತೂಕ ನಾಲ್ಕು ಗ್ರಾಂ ಆಸುಪಾಸು, ಆ ಕರಾವಳಿಯಲ್ಲಿ ವರ್ಷವಿಡೀ ಇರುತ್ತದೆ. ಗಂಡಿನ ಕುತ್ತಿಗೆ ನೆರಳಿನಲ್ಲಿ ಕಪ್ಪು, ತಲೆ ಹೊರಳಿಸಿ ಬಿಸಿಲು ತಾಗಿತೋ ಥಟ್ಟನೆ ಗುಲಾಬಿ. ನೋಡಲು ಇಷ್ಟೇ ಇದ್ದರೂ ಜಗಳಗಂಟ. ಒಂದೇ ಗಂಡು ಫೀಡರನ್ನು ಕಾಯುತ್ತಾ ಕೂತು ಬಂದವರನ್ನೆಲ್ಲ ಅಟ್ಟುತ್ತದೆ. ಹಾಗಾದರೆ ಮನೆಯ ಇನ್ನೊಂದು ಮಗ್ಗುಲಲ್ಲಿ, ಅದರ ಕಣ್ಣಿಗೆ ಬೀಳದಂತೆ ಎರಡನೆಯದನ್ನು ಕಟ್ಟಿ.

ಬಾಣಂತನ ಮುಗಿಸಿ ನೀವು ಹೊರಟ ಮೇಲೆ, ಕೂಸನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ತೊಳೆಯಲು ಯಾರಿಗೂ ಪುರಸೊತ್ತಾಗದಿದ್ದರೆ ಫೀಡರ್ ಇಳಿಸಿಬಿಡಲು ಹೇಳಿ. ಹಕ್ಕಿ ಉಪವಾಸ ಬೀಳುವುದಿಲ್ಲ, ಹೂವಿವೆ, ಸಣ್ಣ ಹುಳುಗಳನ್ನೂ ಜೇಡಗಳನ್ನೂ ಅದು ಹೇಗೂ ತಿನ್ನುತ್ತದೆ. ಒಂದೆರಡು ಸಾಲ್ವಿಯಾ ಗಿಡ ನೆಟ್ಟು ಬಂದರೆ ಇನ್ನೂ ಒಳ್ಳೆಯದು.

ಊರಿಗೆ ಬಂದು ಇಲ್ಲೂ ಕಟ್ಟುವ ಆಸೆಯಾದರೆ: ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಹಿತ್ತಲಿಗೆ ಬರುವುದು ಸೂರಕ್ಕಿ, ಅದು ಬೇರೆಯೇ ಕುಲ. ಅದಕ್ಕೆ ಸಕ್ಕರೆ ನೀರಿಗಿಂತ ದಾಸವಾಳ, ಕೇಪಳ ಮೇಲು. ಬೆಂಗಳೂರಿನ ನರ್ಸರಿಗಳಲ್ಲಿ ಸಿಗುವ ಹೆಮೀಲಿಯಾ ಎಂಬ ಕಿತ್ತಳೆ ಹೂವಿನ ಗಿಡವಂತೂ ಮೂಲತಃ ಹಮ್ಮಿಂಗ್‌ಬರ್ಡಿನ ಊರಿನದ್ದೇ. ನಮ್ಮ ಸೂರಕ್ಕಿ ಅದರ ಕಡ್ಡಿಯ ಮೇಲೆ ಕೂತು ಆರಾಮವಾಗಿ ಹೀರುತ್ತದೆ.