ಕಟ್ಟಡ ಯಾವುದಾಗಿ, ಯಾವುದಕ್ಕೆ?

ಕನ್ನಡದಿಂದ ಇಂಗ್ಲಿಷಿಗೆ ಬಂದ ಅನುವಾದಗಳನ್ನು ತಿದ್ದುವಾಗ ನನ್ನ ಪೆನ್ನು ಪದೇ ಪದೇ ನಿಲ್ಲುವುದು ಕಟ್ಟಡದ ಉಪಯೋಗವನ್ನು ಹೇಳುವ ವಾಕ್ಯಗಳಲ್ಲಿ. ಕನ್ನಡದಲ್ಲಿ ನಮಗೆ ಸಹಜವಾಗಿಯೇ ಬರುವ ಒಂದು ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಕೈಬಿಡುವುದೇ ಇಲ್ಲಿನ ಬಹುಪಾಲು ತಪ್ಪುಗಳ ಮೂಲ. ‘ಈ ಕಟ್ಟಡವನ್ನು ಗ್ರಂಥಾಲಯವಾಗಿ ಬಳಸುತ್ತಾರೆ’ ಎಂದಾಗ ಕಟ್ಟಡವೇ ಗ್ರಂಥಾಲಯ. ಹಾಗಾಗಿ ‘ಯೂಸ್ಡ್ ಆ್ಯಸ್ ಎ ಲೈಬ್ರರಿ’. ‘ಸಭೆಗಳಿಗೆ ಬಳಸುತ್ತಾರೆ’ ಎಂದಾಗ ಸಭೆಯು ಒಳಗೆ ನಡೆಯುವ ಕೆಲಸವೇ ಹೊರತು ಕಟ್ಟಡವಲ್ಲ. ಹಾಗಾಗಿ ‘ಯೂಸ್ಡ್ ಫಾರ್ ಮೀಟಿಂಗ್ಸ್’. ‘ಆಗಿ’ ಇದ್ದಲ್ಲಿ ‘ಆ್ಯಸ್’, ಚತುರ್ಥಿ ವಿಭಕ್ತಿ (‘ಗೆ’, ‘ಕ್ಕೆ’) ಇದ್ದಲ್ಲಿ ‘ಫಾರ್’ ಎಂದುಕೊಂಡರೆ ಸಾಮಾನ್ಯವಾಗಿ ದಾರಿ ತಪ್ಪುವುದಿಲ್ಲ.

ಇದಕ್ಕಿಂತ ಅಪಾಯಕಾರಿಯಾದದ್ದು ‘ಈಸ್’ ಎಂಬ ಪುಟ್ಟ ಪದದ ಲೋಪ. ‘ದಿ ಬಿಲ್ಡಿಂಗ್ ಈಸ್ ಯೂಸ್ಡ್ ಟು ಸ್ಟೋರ್ ಗ್ರೇನ್’ ಎಂದರೆ ಅಲ್ಲಿ ಈಗ ಧಾನ್ಯ ಸಂಗ್ರಹಿಸುತ್ತಾರೆ. ‘ಈಸ್’ ಬಿದ್ದುಹೋದರೆ ಅದು ಹಿಂದೊಮ್ಮೆ ಇದ್ದ ರೂಢಿಯಾಗುತ್ತದೆ. ವಿದ್ಯಾರ್ಥಿಗಳು ತುಂಬಿರುವ ಹಾಸ್ಟೆಲ್ಲೊಂದರ ಚಿತ್ರದ ಕೆಳಗೆ ‘ಯೂಸ್ಡ್ ಟು ಬಿ ಎ ಹಾಸ್ಟೆಲ್’ ಎಂದು ಬರೆದದ್ದನ್ನು ನಾನೇ ತಿದ್ದಿದ್ದೇನೆ. ಬರೆದವರು ಹೇಳಹೊರಟದ್ದು ‘ಈಸ್ ಯೂಸ್ಡ್ ಆ್ಯಸ್’ ಎಂದು.

ಕಟ್ಟಿದ ಉದ್ದೇಶ ಒಂದು, ಇಂದಿನ ಬಳಕೆ ಇನ್ನೊಂದು ಆಗಿರುವಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕು. ಪ್ಯಾರಿಸ್ಸಿನ ಓರ್ಸೇ ಕಟ್ಟಡ 1900ರಲ್ಲಿ ರೈಲು ನಿಲ್ದಾಣವಾಗಿ ತೆರೆದು, 1986ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದು ‘ಬಿಲ್ಟ್ ಆ್ಯಸ್ ಎ ರೈಲ್ವೆ ಸ್ಟೇಷನ್’, ಆಮೇಲೆ ‘ಕನ್ವರ್ಟೆಡ್ ಇಂಟು ಎ ಮ್ಯೂಸಿಯಂ’. ಕೇಳಲು ಗತ್ತಾಗಿದೆಯೆಂದು ಅದನ್ನು ‘ಪರ್ಪಸ್-ಬಿಲ್ಟ್ ಮ್ಯೂಸಿಯಂ’ ಎಂದರೆ ಸುಳ್ಳಾಗುತ್ತದೆ, ಏಕೆಂದರೆ ಮೊದಲಿನಿಂದಲೂ ಆ ಕೆಲಸಕ್ಕೆಂದೇ ಕಟ್ಟಿದ್ದಕ್ಕೆ ಮಾತ್ರ ಆ ಮಾತು ಸಲ್ಲುತ್ತದೆ.

‘ಹೌಸ್’ ಎಂಬುದು ‘ತನ್ನೊಳಗೆ ಇರಿಸಿಕೊಳ್ಳು’ ಎಂಬ ಅರ್ಥದ ಕ್ರಿಯಾಪದವಾದಾಗ ಅದರ ಕೊನೆಯ ಧ್ವನಿ ‘ಝ್’ ಆಗುತ್ತದೆ. ಕಟ್ಟಡ ಮ್ಯೂಸಿಯಮ್ಮನ್ನು ‘ಹೌಝಸ್’, ಮ್ಯೂಸಿಯಂ ಕಟ್ಟಡದಲ್ಲಿ ‘ಈಸ್ ಹೌಝ್ಡ್’; ಇವೆರಡನ್ನೂ ಬೆರೆಸಿ ‘ದಿ ಬಿಲ್ಡಿಂಗ್ ಈಸ್ ಹೌಝ್ಡ್ ಎ ಮ್ಯೂಸಿಯಂ’ ಎಂದು ಬರೆಯುವವರು ಕಡಿಮೆಯೇನಿಲ್ಲ.

ಕೊನೆಯದಾಗಿ, ‘ಸರ್ವ್ಸ್ ಆ್ಯಸ್’. ಇದಕ್ಕೆ ನಮ್ಮಲ್ಲಿ ಅತಿಯಾದ ಮರ್ಯಾದೆ. ಪ್ರವಾಹದ ದಿನಗಳಲ್ಲಿ ಶಾಲೆಯೊಂದು ಆಶ್ರಯತಾಣವಾಗಿ ಒದಗಿದರೆ ‘ಸರ್ವ್ಸ್ ಆ್ಯಸ್ ಎ ಶೆಲ್ಟರ್’ ಎನ್ನುವುದು ಒಪ್ಪುತ್ತದೆ. ಆದರೆ ಶಾಲೆಯಾಗಿಯೇ ಕಟ್ಟಿ, ಶಾಲೆಯಾಗಿಯೇ ಉಳಿದ ಕಟ್ಟಡವನ್ನು ‘ಸರ್ವ್ಸ್ ಆ್ಯಸ್ ಎ ಸ್ಕೂಲ್’ ಎಂದರೆ, ಅದು ನಿಜವಾಗಿ ಬೇರೇನೋ ಇರಬೇಕೆಂಬ ಅನುಮಾನ ಓದುಗನಿಗೆ ಬರುತ್ತದೆ. ಅಲ್ಲಿ ‘ಈಸ್ ಎ ಸ್ಕೂಲ್’ ಎಂದರೆ ಸಾಕು.